ಕೊನೆಗೆ ಹತ್ತುವವನು

ಜನವರಿ 12, ಭಾನುವಾರ

ಬಂದು ಮೂರು ದಿನವಾಯಿತು, ಸೂರ್ಯನ ಮುಖ ಇನ್ನೂ ಕಂಡಿಲ್ಲ. ಮೂವತ್ತೆರಡು ವರ್ಷ ಬಸ್ ಕಂಡಕ್ಟರನಾಗಿ ದಿನವೂ ಏನಾದರೊಂದು ಬರೆದ ಕೈ ಇದು. ರಿಟೈರಾದ ಮೇಲೆ ತುರಿಸುತ್ತಲೇ ಇತ್ತು. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಹಾಕಿಕೊಂಡು ಬಂದದ್ದು ಒಳ್ಳೆಯದೇ ಆಯಿತು. ಈ ಲಂಡನ್ನಿನಲ್ಲಿ ಮಾತನಾಡಲು ಮಗಳು ಬಿಟ್ಟರೆ ನನಗೆ ಯಾರಿದ್ದಾರೆ? ಅವಳೂ ನೋವಿನ ಮಾತ್ರೆ ನುಂಗಿ ಅರ್ಧ ದಿನ ಮಲಗಿರುತ್ತಾಳೆ.

ಕವನಾ ಇಲ್ಲಿ ನರ್ಸು. ಹೋದ ತಿಂಗಳು ಡ್ಯೂಟಿ ಮುಗಿಸಿ ಬರುವಾಗ ಫುಟ್‌ಪಾತಿನ ಮೇಲೆ ಮಂಜು ಗಟ್ಟಿಯಾಗಿತ್ತಂತೆ, ಜಾರಿ ಬಿದ್ದಳು. ಬಲಗಾಲು ಪಾದದ ಮೇಲಕ್ಕೆ ಮುರಿದು, ಪ್ಲೇಟು ಸ್ಕ್ರೂ ಹಾಕಿದ್ದಾರೆ. ಕಂಕುಳಿಗೆ ಎರಡು ಊರುಗೋಲು. ಅವಳಮ್ಮ ಇದ್ದಿದ್ದರೆ ಅವಳೇ ಬರುತ್ತಿದ್ದಳು. ಮುದ್ದಮ್ಮ ಹೋಗಿ ಎರಡು ವರ್ಷವಾಯಿತು. ಹಾಗಾಗಿ ಚನ್ನರಾಯಪಟ್ಟಣದಿಂದ ನಾನು ಬಂದೆ, ಮುದ್ದೆ ಕೋಲನ್ನೂ ರಾಗಿಹಿಟ್ಟನ್ನೂ ಹೊತ್ತುಕೊಂಡು.

ಮನೆ ಮೊದಲನೇ ಮಹಡಿಯಲ್ಲಿದೆ. ಕಿಟಕಿಯ ಎದುರಿಗೇ ಸಿಗ್ನಲ್. ಕೆಂಪು ಡಬಲ್ ಡೆಕ್ಕರ್ ಬಂದು ನಿಂತರೆ ಮೇಲಿನ ಅಂತಸ್ತಿನವರು ನನ್ನ ಕಣ್ಣಿಗೆ ಸಮ ಬರುತ್ತಾರೆ. ಕೂತು ತಲೆ ಎಣಿಸುತ್ತೇನೆ. ಈ ಚಾಳಿ ಸಾಯುವತನಕ ಬಿಡುವುದಿಲ್ಲ. ಚೆಕಿಂಗಿನವರು ಯಾವ ತಿರುವಿನಲ್ಲಿ ಕೈ ಅಡ್ಡ ಹಾಕುತ್ತಾರೋ ಎಂದು ಪ್ರತಿ ಸ್ಟೇಜು ದಾಟಿದಾಗಲೂ ಎಣಿಸಿದವನು ನಾನು. ಕವನಾ ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಬಾನೆಟ್ ಮೇಲೆ ಕೂತು ಅವಳೂ ಜೋರಾಗಿ ಎಣಿಸುತ್ತಿದ್ದಳು. ನನ್ನನ್ನೂ ಡ್ರೈವರ್ ದೇವರಾಜನನ್ನೂ ಸೇರಿಸಿಬಿಡುತ್ತಿದ್ದಳು. "ಡ್ರೈವರ್ರು ಕಂಡಕ್ಟ್ರು ಲೆಕ್ಕಕ್ಕಿಲ್ಲ ಕಣವ್ವ" ಎಂದು ಪ್ರತಿಸಲ ತಿದ್ದುತ್ತಿದ್ದೆ.

ಇವತ್ತು ಮೇಲಿನ ಅಂತಸ್ತಿನಲ್ಲಿ ಹನ್ನೊಂದು ತಲೆ. ಕಂಡಕ್ಟರೇ ಇಲ್ಲ! ಹತ್ತುವವರು ತಾವೇ ಒಂದು ಕಾರ್ಡನ್ನು ಮಿಷನ್ನಿಗೆ ಮುಟ್ಟಿಸಿ ಒಳಗೆ ಹೋಗುತ್ತಾರೆ. ಇದೂ ಒಂದು ಬಸ್ಸೇ ಎಂದು ಬೈದುಕೊಂಡೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಊರಿಂದ ತಂದಿದ್ದ ಎಳ್ಳುಬೆಲ್ಲವನ್ನು ಮೂರು ಪೊಟ್ಟಣ ಮಾಡಿ ಇದೇ ಮಹಡಿಯ ಮೂರು ಬಾಗಿಲು ತಟ್ಟಿದೆ. ಎರಡು ತೆರೆಯಲಿಲ್ಲ. ಮೂರನೆಯದನ್ನು ತೆರೆದ ಹೆಂಗಸು ಪೊಟ್ಟಣ ನೋಡಿ, ನನ್ನ ಮುಖ ನೋಡಿ, ಬೇಡ ಎಂದು ನಯವಾಗಿ ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ನಾನು ಮಾರಲು ಬಂದಿದ್ದೇನೆ ಅಂದುಕೊಂಡಳೋ ಏನೋ. ಮೂರನ್ನೂ ನಾನೇ ತಿಂದೆ.

ನಾಡಿದ್ದು ಆಸ್ಪತ್ರೆಗೆ ತೋರಿಸಲು ಹೋಗಬೇಕು. ಸುರಂಗದ ರೈಲಂತೆ. ನಮ್ಮ ಹತ್ತಿರದ ಸ್ಟೇಷನ್ನಿನ ಹೆಸರು ಸೆವೆನ್ ಸಿಸ್ಟರ್ಸ್. ನನಗೆ ನಗು ಬಂತು. ಹಾಸನಾಂಬೆಯ ಕತೆಯಲ್ಲೂ ಏಳು ಜನ ಅಕ್ಕತಂಗಿಯರೇ. ಮೂವರು ಹಾಸನದ ಹುತ್ತದಲ್ಲಿ, ಮೂವರು ದೇವೀಗೆರೆಯಲ್ಲಿ, ಒಬ್ಬಳು ಮಾತ್ರ ದೂರದ ಹೊಸಕೋಟೆಯಲ್ಲಿ ನಿಂತುಬಿಟ್ಟಳು. ಆ ಒಬ್ಬಳಿಗೆ ಬೇಜಾರಾಗಲಿಲ್ಲವೇ ಎಂದು ಮುದ್ದಮ್ಮ ಕೇಳುತ್ತಿದ್ದಳು. ದೇವರಿಗೆಂಥ ಬೇಜಾರೇ ಎಂದು ಗದರಿಸಿದ್ದೆ.

ಜನವರಿ 16, ಗುರುವಾರ

ನನ್ನ ಕೈಯಾರೆ ಮಗಳನ್ನು ಬೀಳಿಸಿದೆ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

ಆಸ್ಪತ್ರೆಯಲ್ಲಿ ಎಲ್ಲ ಚೆನ್ನಾಗಿದೆ, ಮೂಳೆ ಕೂಡುತ್ತಿದೆ ಅಂದರು. ವಾಪಸ್ಸು ಬರುವಾಗ ನಡುವೆ ಒಂದು ಕಡೆ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರಂ ತುಂಬ ಜನ. ರೈಲು ಬಂತು, ಬಾಗಿಲು ತೆರೆಯಿತು. ಕವನಾಳನ್ನು ಜೋಪಾನವಾಗಿ ಒಳಗೆ ಹತ್ತಿಸಿದೆ. ಆಮೇಲೆ ನಾನೂ ಹತ್ತಬೇಕಿತ್ತು. ಹತ್ತಲಿಲ್ಲ. ಬಾಗಿಲ ಪಕ್ಕಕ್ಕೆ ಸರಿದು ನಿಂತು, ಕೈ ಚಾಚಿ, "ಬನ್ನಿ ಬನ್ನಿ, ಒಳಕ್ಕೆ ನಡೀರಿ" ಎಂದು ಉಳಿದವರನ್ನೆಲ್ಲ ಹತ್ತಿಸುತ್ತಿದ್ದೆ! ಕನ್ನಡದಲ್ಲಿ! ಮಗುವಿನ ಗಾಡಿ ತಳ್ಳಿಕೊಂಡು ಓಡಿಬಂದವಳಿಗೂ ದಾರಿ ಬಿಟ್ಟೆ. ಇನ್ನು ಯಾರಾದರೂ ಇದ್ದಾರೆಯೇ ಎಂದು ಹಿಂದೆ ಮುಂದೆ ನೋಡಿದೆ. ಮೂವತ್ತೆರಡು ವರ್ಷ ನನ್ನ ಬಸ್ಸಿಗೆ ಎಲ್ಲರಿಗಿಂತ ಕೊನೆಗೆ ಹತ್ತಿದವನು ನಾನು. ನಾನು ಹತ್ತಿ ರೈಟ್ ಅನ್ನದೆ ಯಾವ ಗಾಡಿಯೂ ಅಲುಗಿದ್ದಿಲ್ಲ.

"ಅಪ್ಪಾ, ಹತ್ತು!" ಎಂದು ಕವನಾ ಕೂಗಿದಳು. ಬಾಗಿಲು ಮುಚ್ಚಿಕೊಂಡಿತು. ಯಾರೂ ನನ್ನ ರೈಟಿಗೆ ಕಾಯಲಿಲ್ಲ.

ಗಾಜಿನ ಆಚೆಯಿಂದ ಅವಳು ಅಂಗೈ ತೋರಿಸಿ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದ್ದು ಕಂಡಿತು. ನಿಂತೆ. ಎರಡು ನಿಮಿಷಕ್ಕೆ ಇನ್ನೊಂದು ರೈಲು ಬಂತು, ತಡೆಯಲಾಗಲಿಲ್ಲ, ಹತ್ತಿಬಿಟ್ಟೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಅವಳಿಲ್ಲ. ಎದುರಿನ ಪ್ಲಾಟ್‌ಫಾರಮ್ಮಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ಜನ ಗುಂಪು ಕೂಡಿದ್ದರು. ಅಪ್ಪ ಅಲ್ಲಿ ಒಬ್ಬನೇ ನಿಂತಿದ್ದಾನೆ ಎಂದು ಊರುಗೋಲಿನಲ್ಲಿ ಅವಸರ ಅವಸರವಾಗಿ ವಾಪಸ್ಸು ಬರಲು ಹೊರಟು ಜಾರಿದ್ದಳು.

ಆ್ಯಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 17, ಶುಕ್ರವಾರ

ಪ್ಲೇಟು ಜರುಗಿದೆಯಂತೆ. ಹೊಲಿಗೆಯೂ ಬಿಟ್ಟಿದೆ, ಒಳಗೆ ಮೊದಲೇ ಕೀವು ಕೂಡುತ್ತಿತ್ತಂತೆ, ನಿನ್ನೆ ಮೇಲಿನಿಂದ ಕಂಡಿರಲಿಲ್ಲ. ಕೀವು ಒಣಗುವತನಕ ಅಡ್ಮಿಟ್. ಆಮೇಲೆ ಮತ್ತೆ ಆಪರೇಷನ್. ಅಲ್ಲಿನ ನರ್ಸು ನನ್ನನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಇಲ್ಲಿಗೆ ಕಳಿಸಿದಳು. ನೋಡಲು ಬರುವವರಿಗೆ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟು.

ಜನವರಿ 18, ಶನಿವಾರ

ಹೋಗಲಿಲ್ಲ.

ಜನವರಿ 19, ಭಾನುವಾರ

ನಿನ್ನೆಯದನ್ನು ಸರಿಯಾಗಿ ಬರೆಯಬೇಕು. ಬಸ್ ಸ್ಟಾಪಿಗೆ ಹೋಗಿದ್ದೆ. ಕೈಯಲ್ಲಿ ಕವನಾಳ ಕಾರ್ಡು ಇತ್ತು. ಮೂರು ಬಸ್ ಬಂದವು, ಮೂರನ್ನೂ ಬಿಟ್ಟೆ. ಬಾಗಿಲು ತೆರೆದಾಗಲೆಲ್ಲ ಕಾಲು ನೆಲಕ್ಕೆ ಅಂಟಿಕೊಂಡಿತು. ಮೂರನೆಯ ಡ್ರೈವರ್ ಹತ್ತುತ್ತೀಯಾ ಎಂದು ಹುಬ್ಬೇರಿಸಿದ. ಬೇಡ ಎಂದು ಕೈಯಾಡಿಸಿದೆ. ಕಂಡಕ್ಟರ್ ಚಲುವಯ್ಯನಿಗೆ ಬಸ್ ಹತ್ತಲು ಭಯ! ಡಿಪೋದಲ್ಲಿ ಯಾರಾದರೂ ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ. ವಾಪಸ್ಸು ಬಂದು ಕೋಟು ಬಿಚ್ಚದೆ ಮಂಚದ ಮೇಲೆ ಕೂತೆ. ಮಗಳು ಎಂಟು ಗಂಟೆಯವರೆಗೂ ಬಾಗಿಲು ನೋಡಿಕೊಂಡಿರುತ್ತಾಳೆ ಎಂದು ಗೊತ್ತಿದ್ದೂ ಕೂತೆ.

ಇವತ್ತು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ನಿನ್ನೆಯ ಸುದ್ದಿಯನ್ನೇ ಎತ್ತಲಿಲ್ಲ.

"ಅಪ್ಪ, ಪೆನ್ ತಗೋ, ಬರ್ಕೊ. ಟ್ರೈನ್ ಬೇಡವೇ ಬೇಡ. ಎರಡೇ ಬಸ್ಸು. ಕೆಳಗಡೆ, ಡ್ರೈವರ್ ಕಾಣೋ ಕಡೆ ಕೂತ್ಕೊ. ರೋಡಲ್ಲಿ ಫೋನ್ ಕೈಲಿ ಹಿಡ್ಕೊಂಡು ನಿಂತ್ಕೋಬೇಡ, ಗಾಡೀಲಿ ಬಂದು ಕಿತ್ಕೊಂಡು ಹೋಗ್ತಾರೆ. ಗೋಡೆ ಕಡೆ ತಿರುಕ್ಕೊಂಡು ನೋಡು. ಹತ್ತಿದ್ ಮೇಲೆ ಒಂದು ಮೆಸೇಜು, ಇಳಿದ್ ಮೇಲೆ ಒಂದು ಮೆಸೇಜು. ದಾರಿ ತಪ್ಪಿದ್ರೆ ನಿಂತಲ್ಲೇ ನಿಲ್ಲು."

"ನಿಂತಲ್ಲೇ ನಿಲ್ಲು" ಅಂದದ್ದನ್ನು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

"ಕಷ್ಟ ಆದ್ರೆ ಬರ್ಬೇಡಪ್ಪ. ನಾನೇನು ಮಗುವಾ?" ಅಂದಳು ಆಮೇಲೆ.

ಅವಳಮ್ಮನೂ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಿದ್ದಳು. ನಾನು ನಿಜವೆಂದೇ ನಂಬಿದ್ದೆ.

ಜನವರಿ 20, ಸೋಮವಾರ

ಹೋಗಿಬಂದೆ.

ಸ್ಟಾಪುಗಳ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಹನ್ನೊಂದು ವರ್ಷ ದೇವರಾಜನೂ ನಾನೂ ಓಡಿಸಿದ ರೂಟು ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ. ಅದನ್ನೇ ಇಲ್ಲಿಗೂ ಹಾಕಿದೆ. ಕವನಾಳ ಮನೆ ಚನ್ನರಾಯಪಟ್ಟಣ. ಬಸ್ ಬದಲಿಸುವ ದೊಡ್ಡ ಸರ್ಕಲ್ ಹೊಳೆನರಸೀಪುರ. ಆಸ್ಪತ್ರೆ ಅರಕಲಗೂಡು. ನಡುವಿನ ಸ್ಟಾಪುಗಳಿಗೂ ನಮ್ಮ ಹಳ್ಳಿಗಳ ಹೆಸರನ್ನೇ ಇಟ್ಟು, ಎಲ್ಲಿ ಕೋಳಿ ಕರಿಯುವ ಅಂಗಡಿ, ಎಲ್ಲಿ ಹಸಿರು ಬಾಗಿಲ ಚರ್ಚು ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡೆ. ಒಟ್ಟು ಹತ್ತೊಂಬತ್ತು ಸ್ಟೇಜು.

ಬಸ್ಸಿನಲ್ಲಿ ಒಂದು ಹೆಣ್ಣು ದನಿ ಪ್ರತಿ ಸ್ಟಾಪಿನ ಹೆಸರನ್ನೂ ಕೂಗುತ್ತದೆ. ರೆಕಾರ್ಡು. ಆದರೂ ಕಂಡಕ್ಟರ್ ಅಂತ ಇದ್ದರೆ ಆಕೆಯೇ. ಇವತ್ತು ನನ್ನೊಂದಿಗೆ ಅತಿ ಹೆಚ್ಚು ಮಾತನಾಡಿದವಳೂ ಆಕೆಯೇ. ಇಳಿಯಬೇಕಾದರೆ ಕಂಬದ ಕೆಂಪು ಬಟನ್ ಒತ್ತಬೇಕು, ಟಿಂಗ್ ಅನ್ನುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲೂ ಹಗ್ಗದ ಗಂಟೆಯಿತ್ತು. ಒಂದಕ್ಕೆ ನಿಲ್ಲು, ಎರಡಕ್ಕೆ ರೈಟ್. ಕೋಳಿ ಅಂಗಡಿಯ ಹತ್ತಿರ ಜನ ಇಳಿದು ಮುಗಿದ ಕೂಡಲೇ ನನ್ನ ಬೆರಳು ತಾನೇ ಹೋಗಿ ಎರಡು ಸಲ ಒತ್ತಿಬಿಟ್ಟಿತು. ಡ್ರೈವರ್ ಮುಂದಿನ ಸ್ಟಾಪಿನಲ್ಲಿ ಸುಮ್ಮನೆ ನಿಲ್ಲಿಸಿ ಕನ್ನಡಿಯಲ್ಲಿ ಗುರಾಯಿಸಿದ. ಬಾಯಿ ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದೆ.

ಅರಕಲಗೂಡಿನಲ್ಲಿ ಇಳಿದಾಗ ಬೆನ್ನು ಬೆವರಿತ್ತು, ಆ ಚಳಿಯಲ್ಲಿ. ಕವನಾ ನನ್ನನ್ನು ನೋಡಿ ಮುಸುಕು ಎಳೆದುಕೊಂಡು ಅತ್ತಳು. ನಾನು ಸಾರಿನ ಡಬ್ಬಿಯ ಮುಚ್ಚಳ ತೆಗೆಯಲು ಪರದಾಡುತ್ತಿರುವಂತೆ ನಟಿಸಿದೆ.

ಮೊದಲ ಬಸ್ಸಿನಲ್ಲಿ ಒಂಬತ್ತು ತಲೆ, ಎರಡನೆಯದರಲ್ಲಿ ಹದಿನಾಲ್ಕು.

ಜನವರಿ 27, ಸೋಮವಾರ

ದಿನಾ ಒಂದೇ. ಹನ್ನೆರಡೂವರೆಗೆ ಹೊರಡುವುದು, ರಾತ್ರಿ ಒಂಬತ್ತಕ್ಕೆ ಬಂದು ಬಾಗಿಲು ತೆರೆಯುವುದು. ದೀಪ ಹಾಕುವ ಮೊದಲು "ಬಂದೆ ಕಣೇ" ಅನ್ನುತ್ತೇನೆ, ಯಾರಿಗೆ ಅಂತ ಕೇಳಬಾರದು.

ಇಲ್ಲಿ ಬಸ್ಸಿನಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ನಮ್ಮ ಕಡೆ ಹೊಳೆನರಸೀಪುರ ಬರುವಷ್ಟರಲ್ಲಿ ಪಕ್ಕದವರ ಮಗಳ ಮದುವೆ, ಶುಂಠಿ ರೇಟು, ಮಂಡಿನೋವು ಎಲ್ಲವೂ ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಹೋಗಿ ನಿಂತುಕೊಳ್ಳುತ್ತಾರೆ. ಮೊದಮೊದಲು ನನ್ನಿಂದ ಸಾರಿನ ವಾಸನೆ ಬರುತ್ತಿದೆಯೇನೋ ಎಂದು ಕೋಟಿನ ತೋಳು ಮೂಸಿ ನೋಡಿಕೊಂಡೆ.

ಎರಡನೇ ಬಸ್ಸಿನಲ್ಲಿ ಕೆಂಪು ಟೋಪಿಯ ಒಬ್ಬಳು ಅಜ್ಜಿ ಹೆಚ್ಚುಕಮ್ಮಿ ದಿನಾ ಸಿಗುತ್ತಾಳೆ. ಕರಿಯ ಬಣ್ಣ, ಕೈಯಲ್ಲಿ ಕೋಲು. ಇವತ್ತು ನನ್ನನ್ನು ನೋಡಿ ಗದ್ದ ಎತ್ತಿದಳು. ನಾನೂ ಎತ್ತಿದೆ. ಅಷ್ಟೇ. ಅಷ್ಟಕ್ಕೇ ಇಡೀ ಸಾಯಂಕಾಲ ಮನಸ್ಸು ಹಗುರವಾಗಿತ್ತು.

ಹದಿನೇಳು ತಲೆ.

ಫೆಬ್ರವರಿ 2, ಭಾನುವಾರ

ದೇವರಾಜ ಫೋನ್ ಮಾಡಿದ್ದ. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಯಾರೋ ಹಿರೀಸಾವೆ, ಹಿರೀಸಾವೆ ಎಂದು ಕೂಗುತ್ತಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನೇ ಕೇಳಿದೆ.

"ಏನ್ಲಾ ಚಲುವ, ಇವತ್ತು ಎಲ್ಲೀಗಂಟ ಓಗಿದ್ದೆ?"

"ಅರಕಲಗೂಡ್ಗೆ."

"ಥೂ ನಿನ್ನ! ಲಂಡನ್ಗೋಗೂ ಅದೇ ರೂಟಾ? ರಾಣಿ ಮನೆ ನೋಡ್ದೇನ್ಲಾ?"

"ಯಾವ ರಾಣಿನೂ ಇಲ್ಲ ಕಣ್ಲಾ. ಮಗಳ ವಾರ್ಡು, ಈ ಮನೆ, ಅಷ್ಟೆ."

"ಅಂಗಾರೆ ದಿನಾ ಓಗ್ತಿದೀಯ?"

"ದಿನಾ ಓಗ್ತಿದೀನಿ."

ಅವನು ಗದ್ದಲದಿಂದ ಆಚೆಗೆ ನಡೆದು ಬಂದಂತೆ ಕೇಳಿಸಿತು. ಆಮೇಲೆ "ಓಗು ಕಣ್ಲಾ, ಒಳ್ಳೇದು" ಅಂದು ಇಟ್ಟುಬಿಟ್ಟ. ಅವನಿಗೆ ಏನು ನೆನಪಾಯಿತೋ ನನಗೂ ಅದೇ ನೆನಪಾಯಿತು.

ಮುದ್ದಮ್ಮನಿಗೆ ಕಿಡ್ನಿ ಹೋಗಿ ವಾರಕ್ಕೆರಡು ಸಲ ಡಯಾಲಿಸಿಸ್, ಹಾಸನದಲ್ಲಿ. ಹದಿನೆಂಟು ತಿಂಗಳು. ನಾನು ದೊಡ್ಡ ಏರ್ಪಾಡು ಮಾಡಿದವನಂತೆ ಆ ರೂಟಿನ ಕಂಡಕ್ಟರುಗಳಿಗೆಲ್ಲ ಹೇಳಿಟ್ಟಿದ್ದೆ. ರಜನೀಶ ಹತ್ತಿಸುತ್ತಿದ್ದ, ಶಿವರಾಜು ಇಳಿಸುತ್ತಿದ್ದ, ಮುಂದಿನ ಸೀಟು ಕೊಡಿಸುತ್ತಿದ್ದರು. ನಾನು ಆ ಹೊತ್ತಿನಲ್ಲಿ ಅರಕಲಗೂಡಿನ ದಾರಿಯಲ್ಲಿ ಊರವರ ತಲೆ ಎಣಿಸುತ್ತಿದ್ದೆ. "ಒಂದಿನ ನೀನೇ ಜೊತೇಲಿ ಬಾರಪ್ಪ" ಅಂದಿದ್ದಳು ಒಂದು ಸಲ. ರಜೆ ಸಿಗಲ್ಲ ಅಂದೆ. "ಓಗ್ಲಿ ಬುಡು, ನಾನೇನು ಮಗುವಾ" ಅಂದಳು. ರಿಟೈರಾದ ದಿನ ಆಫೀಸಿನವರು ಪುಸ್ತಕ ತೆಗೆದು ನೋಡಿ, ಇನ್ನೂರ ನಲವತ್ತು ದಿನ ರಜೆ ಹಾಗೇ ಉಳಿದಿದೆ ಅಂದರು.

ಇನ್ನೂರ ನಲವತ್ತು ದಿನ. ಒಂದು ದಿನ ಹೋಗಬಹುದಿತ್ತು.

ಇವತ್ತು ತಲೆ ಎಣಿಸಲಿಲ್ಲ.

ಫೆಬ್ರವರಿ 5, ಬುಧವಾರ

ಆಪರೇಷನ್ ನಾಳೆ. ಮಧ್ಯಾಹ್ನ ಒಂದು ಗಂಟೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ನಾಳೆ ಮಾತ್ರ ಎರಡಕ್ಕೆ ಮುಂಚೆ ಬಂದರೂ ನನ್ನನ್ನು ವಾರ್ಡಿಗೆ ಬಿಡುತ್ತಾರಂತೆ. ಈ ಸಲವೂ ಕೀವಾದರೆ ಕಾಲು ಮೊದಲಿನಂತೆ ಆಗುವುದು ಕಷ್ಟ, ಓಡಾಡುವ ನರ್ಸಿನ ಕೆಲಸ ಬಿಡಬೇಕಾಗುತ್ತದೆ. ಡಾಕ್ಟರು ಹೇಳಿದ್ದನ್ನು ಅವಳೇ ನನಗೆ ಕನ್ನಡ ಮಾಡಿ ಹೇಳಿದಳು, ಬೇರೆ ಯಾರದೋ ಕಾಲೆಂಬಂತೆ.

"ಭಯ ಆಗ್ತೈತೇನವ್ವ?" ಅಂದೆ.

"ಹ್ಞೂಂ. ನಾನೇ ಎಷ್ಟು ಜನನ್ನ ಥಿಯೇಟರಿಗೆ ಕಳ್ಸಿದೀನಿ. ನಾವೇ ಮಲಗಿದ್ರೆ ಬೇರೆನೇ ಅಂತ ಗೊತ್ತಾಗತ್ತೆ ಅಪ್ಪ."

"ನಾಳೆ ಹನ್ನೆರಡಕ್ಕೇ ಬಂದ್ಬುಡ್ತೀನಿ. ನೀನು ಒಳಗೋಗೋಗಂಟ ಕೈ ಬುಡಲ್ಲ."

"ಅವಸರ ಮಾಡ್ಬೇಡ. ತಪ್ಪಿಸ್ಕೊಂಡ್ಬಿಡ್ತೀಯ."

ತಪ್ಪಿಸಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟೆ. ಸಾಲ ಕೇಳುವವನಂತೆ ಎರಡು ಸಲ ಕೊಟ್ಟೆ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಹತ್ತಕ್ಕೇ ಹೊರಟೆ. ಮಳೆ. ಮೊದಲ ಬಸ್ಸು ಚೆನ್ನಾಗಿಯೇ ಹೋಯಿತು. ಎರಡನೆಯದು ಅರ್ಧ ದಾರಿಯಲ್ಲಿ ನಿಂತಿತು. ಆ ಹೆಣ್ಣು ದನಿ ನನಗೆ ಗೊತ್ತಿಲ್ಲದ ಏನೋ ಹೇಳಿತು. ಎಲ್ಲರೂ ಗೊಣಗಿಕೊಂಡು ಎದ್ದರು. ಮುಂದೆ ರಸ್ತೆ ಬಂದ್, ಈ ಬಸ್ಸು ಇಲ್ಲಿಗೇ ಕೊನೆ ಎಂದು ಡ್ರೈವರ್ ಕೈಯಲ್ಲಿ ತೋರಿಸಿದ. ಜನ ಇಳಿದು ನಾಲ್ಕು ದಿಕ್ಕಿಗೆ ಹೋದರು.

ನಾನೂ ಅವರಲ್ಲಿ ಯಾರದಾದರೂ ಹಿಂದೆ ಓಡಬೇಕಿತ್ತು. ಬದಲಿಗೆ ಮೇಲಿನ ಅಂತಸ್ತಿಗೆ ಹತ್ತಿದೆ! ಗಾಡಿ ಕೊನೆಯ ಸ್ಟಾಪು ಮುಟ್ಟಿದರೆ ಸೀಟು ಸೀಟು ನೋಡದೆ ನಾನು ಇಳಿದವನಲ್ಲ. ಛತ್ರಿ, ಟಿಫಿನ್ ಕ್ಯಾರಿಯರ್, ಒಂದು ಸಲ ನಿದ್ದೆ ಹೋಗಿದ್ದ ದಂಡಿಗನಹಳ್ಳಿಯ ತಾತ, ಎಷ್ಟು ಸಿಕ್ಕಿಲ್ಲ. ಮೇಲೆ ಹೋಗಿ ನೋಡಿದರೆ ಕೊನೆಯ ಸೀಟಿನಲ್ಲಿ ಕೆಂಪು ಟೋಪಿಯ ಅಜ್ಜಿ ಗಾಜಿಗೆ ಒರಗಿ ನಿದ್ದೆ ಹೋಗಿದ್ದಾಳೆ, ಕೋಲು ಹಿಡಿದು ಅಲ್ಲಿಗೆ ಹೇಗೆ ಹತ್ತಿದ್ದಳೋ. "ಅಜ್ಜಿ, ಏಳಿ, ಲಾಸ್ಟ್ ಸ್ಟಾಪ್" ಎಂದು ಎಬ್ಬಿಸಿದೆ. ಕೋಲು ಕೊಟ್ಟು, ಮೆಟ್ಟಿಲಲ್ಲಿ ನಾನು ಮುಂದೆ ಇಳಿಯುತ್ತಾ, ನನ್ನ ಹೆಗಲ ಮೇಲೆ ಕೈ ಇಡಿಸಿಕೊಂಡು ಇಳಿಸಿದೆ.

ಕೆಳಗೆ ಬಂದಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ನನ್ನ ಹತ್ತೊಂಬತ್ತು ಸ್ಟೇಜಿನ ಪಟ್ಟಿಯಲ್ಲಿ ಈ ಬೀದಿಯೇ ಇಲ್ಲ. ಗಂಟೆ ಹನ್ನೆರಡಾಗುತ್ತಿತ್ತು. ನಡುಬೀದಿಯಲ್ಲಿ ಫೋನ್ ತೆಗೆಯಬೇಡ ಅಂದಿದ್ದಳು ಮಗಳು, ತೆಗೆಯಲಿಲ್ಲ. ಆಸ್ಪತ್ರೆಯ ಹೆಸರು ಹೇಳಿ, ಮಗಳು, ಆಪರೇಷನ್, ಒಂದು ಗಂಟೆ ಎಂದು ಬೆರಳು ತೋರಿಸಿದೆ. ಅಜ್ಜಿ ನನ್ನ ತೋಳು ಹಿಡಿದಳು. ನಡಿ ಎಂದಳು. ಅವಳ ಹೆಜ್ಜೆಯೋ ಆಮೆ ಹೆಜ್ಜೆ. ಬಿಟ್ಟು ಓಡೋಣವೆಂದರೆ ದಾರಿ ಗೊತ್ತಿಲ್ಲ. ನಿಜ ಬರೆಯುತ್ತೇನೆ, ದಾರಿ ಗೊತ್ತಿದ್ದರೂ ಆ ಮಳೆಯಲ್ಲಿ ಅವಳನ್ನು ಬಿಟ್ಟು ಓಡಲು ಆಗುತ್ತಿತ್ತೋ ಇಲ್ಲವೋ. ಮೂರು ಬೀದಿ, ಒಂದು ಪಾರ್ಕು, ಒಂದು ಸೇತುವೆ. ಬೇರೊಂದು ಬಸ್ ಹತ್ತಿಸಿದಳು. ಡ್ರೈವರಿಗೆ ನನ್ನನ್ನು ತೋರಿಸಿ, ಇವನನ್ನು ಆಸ್ಪತ್ರೆಯ ಹತ್ತಿರ ಇಳಿಸು ಅಂದಳು. ಒಬ್ಬ ಪ್ಯಾಸೆಂಜರನ್ನು ಇನ್ನೊಬ್ಬರಿಗೆ ಒಪ್ಪಿಸುವ ಮಾತು ಯಾವ ಭಾಷೆಯಲ್ಲಿದ್ದರೂ ನನಗೆ ಅರ್ಥವಾಗುತ್ತದೆ. ಆ ಬಸ್ಸು ಹೊರಟ ಮೇಲೆ, ಅಜ್ಜಿಗೆ ಎಲ್ಲಿಗೆ ಹೋಗಬೇಕಿತ್ತು ಎಂದು ನಾನು ಕೇಳಲೇ ಇಲ್ಲವಲ್ಲ ಅನ್ನಿಸಿತು.

ವಾರ್ಡು ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ಹಾಸಿಗೆ ಖಾಲಿ. ಹತ್ತು ನಿಮಿಷ ಮೊದಲು ಕರೆದುಕೊಂಡು ಹೋದರು ಎಂದು ನರ್ಸು ಕುರ್ಚಿ ತೋರಿಸಿದಳು.

ಗೋಡೆ ಕಡೆ ತಿರುಗಿ ಫೋನ್ ತೆಗೆದೆ. ಹನ್ನೆರಡೂ ಐವತ್ತೈದಕ್ಕೆ ಅವಳ ಮೆಸೇಜು. "ಅಪ್ಪ ಎಲ್ಲಿದ್ದೀಯ? ದಾರಿ ತಪ್ಪಿದ್ರೆ ನಿಂತಲ್ಲೇ ನಿಲ್ಲು. ಭಯ ಪಡ್ಬೇಡ. ನಾನು ಆಚೆ ಬಂದ ತಕ್ಷಣ ಫೋನ್ ಮಾಡ್ತೀನಿ."

ಕೊಯ್ಯಿಸಿಕೊಳ್ಳಲು ಹೋಗುತ್ತಿರುವವಳು ನನಗೆ ಭಯ ಪಡಬೇಡ ಅನ್ನುತ್ತಾಳೆ. ಆ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಅತ್ತೆ. ಯಾರು ನೋಡಿದರೋ ಬಿಟ್ಟರೋ ಗೊತ್ತಿಲ್ಲ. ಅತ್ತದ್ದು ಮಗಳೊಬ್ಬಳಿಗಾಗಿಯೇ ಅಲ್ಲ. ಆಮೇಲೆ, ಅವಳು ನೋಡಲಾರಳು ಎಂದು ಗೊತ್ತಿದ್ದರೂ ಉತ್ತರ ಬರೆದೆ. "ಇಳಿದೆ. ಇಲ್ಲೇ ಕೂತಿದೀನಿ. ಎಲ್ಲೂ ಹೋಗಲ್ಲ."

ನಾಲ್ಕೂವರೆ ಗಂಟೆ ಕೂತೆ. ನೀರು ಕುಡಿಯಲು ಸಹ ಏಳಲಿಲ್ಲ. ಗಾಲಿ ಮಂಚದಲ್ಲಿ ತಂದಾಗ ಕಣ್ಣು ಅರ್ಧ ಬಿಟ್ಟಿದ್ದಳು. ಸ್ವಲ್ಪ ಹೊತ್ತು ನೋಡಿದಳು, ನಾನು ಹೌದೋ ಅಲ್ಲವೋ ಎಂಬಂತೆ.

"ಬಂದ್ಯಾ?"

"ಬಂದೆ ಕಣವ್ವ. ಇಲ್ಲೇ ಇದೀನಿ."

"ಎಷ್ಟು ತಲೆ?"

ಎಣಿಸಿರಲಿಲ್ಲ. ಹದಿಮೂರು ಎಂದು ಸುಳ್ಳು ಹೇಳಿದೆ.

ಫೆಬ್ರವರಿ 7, ಶುಕ್ರವಾರ

ಜ್ವರ ಇಲ್ಲ. ಕೆಂಪು ಟೋಪಿ ಕಾಣಲಿಲ್ಲ.

ಫೆಬ್ರವರಿ 19, ಬುಧವಾರ

ಮನೆಗೆ ಬಂದೆವು. ಕೀವಿಲ್ಲ, ಹೊಲಿಗೆ ಒಣಗಿದೆ. ಟ್ಯಾಕ್ಸಿಯಲ್ಲಿ ಬರುವಾಗ ಇದು ಹೊಳೆನರಸೀಪುರ, ಇದು ಕೋಳಿ ಅಂಗಡಿ ಎಂದು ದಾರಿಯುದ್ದಕ್ಕೂ ತೋರಿಸಿದೆ. ಏಳು ವರ್ಷದಿಂದ ಇಲ್ಲಿರುವವಳಿಗೆ ಹಸಿರು ಬಾಗಿಲ ಚರ್ಚು ಇದೆಯೆಂದೇ ಗೊತ್ತಿರಲಿಲ್ಲ! ಮುದ್ದೆ ಕಟ್ಟಿದೆ. ಎರಡು ಉಂಡಳು.

ಅಜ್ಜಿ ಆಮೇಲೆ ಒಂದೇ ಸಲ ಸಿಕ್ಕಿದ್ದು. ಅವಳಿಗೆಂದು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ ಕೊಬ್ಬರಿ ಮಿಠಾಯಿಯ ಪೊಟ್ಟಣ ಕೊಟ್ಟೆ. ಈಸಿಕೊಂಡಳು, ನನ್ನೆದುರಿಗೇ ಒಂದು ಬಾಯಿಗೆ ಹಾಕಿಕೊಂಡಳು.

ಮಾರ್ಚ್ 12, ಬುಧವಾರ

ಇವತ್ತು ಕಡೆಯ ಸಲ ತೋರಿಸಿದ್ದು. ಮುಂದಿನ ತಿಂಗಳಿಂದ ಕೆಲಸಕ್ಕೆ ಹೋಗಬಹುದು ಅಂದರು. ಈಗ ಊರುಗೋಲು ಒಂದೇ. ನನ್ನ ಟಿಕೆಟ್ ಇಪ್ಪತ್ತನೆಯ ತಾರೀಕಿಗೆ.

ವಾಪಸ್ಸು ಬರುವಾಗ ಬಸ್ ಸ್ಟಾಪಿನ ಕಡೆ ತಿರುಗಿದೆ. ಅವಳು ಕದಲಲಿಲ್ಲ.

"ಟ್ರೈನಲ್ಲಿ ಹೋಗಣ ಅಪ್ಪ."

"ಬ್ಯಾಡ ಕಣವ್ವ. ಬಸ್ ಐತಲ್ಲ."

"ನೀನು ಊರಿಗೆ ಹೋದ್ಮೇಲೆ ನಾನೊಬ್ಳೇ ಹೋಗ್ಬೇಕಲ್ಲ. ಒಂದ್ಸಲ ನಿನ್ ಜೊತೇಲಿ ಹೋಗ್ಬಿಡ್ತೀನಿ."

ಬಸ್ ಸ್ಟಾಪಿಗೆ ಬೆನ್ನು ಹಾಕಿದೆ. ಹೋದೆವು.

ಅದೇ ಸ್ಟೇಷನ್, ಅದೇ ಪ್ಲಾಟ್‌ಫಾರಂ. ರೈಲು ಬರುವ ಗಾಳಿ ಮುಖಕ್ಕೆ ಹೊಡೆಯಿತು. ಬಾಗಿಲು ತೆರೆಯಿತು. ನನ್ನ ಕಾಲು ಹಾಳಾದದ್ದು ಆಗಲೇ ಪಕ್ಕಕ್ಕೆ ಸರಿಯುತ್ತಿತ್ತು, ಕೈ ಚಾಚಲು ಹೊರಟಿತ್ತು. ಕವನಾ ಆ ಕೈಯನ್ನೇ ಹಿಡಿದು ತನ್ನ ಕಂಕುಳಿಗೆ ಸಿಕ್ಕಿಸಿಕೊಂಡಳು. "ರೈಟ್" ಅಂದಳು ಮೆಲ್ಲಗೆ. ಹತ್ತಿದೆವು. ನಮ್ಮ ಹಿಂದೆ ಇನ್ನೂ ನಾಲ್ಕೈದು ಜನ ಹತ್ತಿಕೊಂಡರು. ನಾನು ತಿರುಗಿ ನೋಡಲಿಲ್ಲ.

ಒಬ್ಬ ಹುಡುಗಿ ಎದ್ದು ಕವನಾಳಿಗೆ ಸೀಟು ಕೊಟ್ಟಳು. ಪಕ್ಕದಲ್ಲಿದ್ದವನು ನನ್ನನ್ನು ನೋಡಿ ತಾನೂ ಎದ್ದ. ಮಗಳ ಪಕ್ಕದಲ್ಲಿ ಕೂತೆ. ಸೆವೆನ್ ಸಿಸ್ಟರ್ಸ್ ಬರುವ ಮುಂಚೆ ಜನ ಕರಗಿ ಡಬ್ಬಿ ಅರ್ಧ ಖಾಲಿಯಾಯಿತು. ಅವಳು ಒಂದು ತುದಿಯಿಂದ ಇನ್ನೊಂದು ತುದಿಗೆ ಗದ್ದ ಆಡಿಸುತ್ತಾ ಏನೋ ಮಾಡುತ್ತಿದ್ದಳು. ಬಾನೆಟ್ ಮೇಲೆ ಕೂತ ಹುಡುಗಿಯ ಅದೇ ಗದ್ದ.

"ಇಪ್ಪತ್ಮೂರು," ಅಂದಳು.

ನಾನು ಆಗಲೇ ಎಣಿಸಿ ಮುಗಿಸಿದ್ದೆ. "ಇಪ್ಪತ್ತೆರಡು ಕಣವ್ವ. ಇನ್ನೊಂದ್ಸಲ ನೋಡು."

"ನೀನೇ ನೋಡಪ್ಪ."

ಮೂವತ್ತೆರಡು ವರ್ಷದಲ್ಲಿ ತಲೆ ಲೆಕ್ಕ ತಪ್ಪಿ ಚೆಕಿಂಗಿನವರಿಂದ ಒಂದೂ ಮೆಮೊ ತೆಗೆದುಕೊಂಡವನಲ್ಲ ನಾನು. ಈಗ ಇವಳಿಂದ ಹೇಳಿಸಿಕೊಳ್ಳಬೇಕೇ? ಮತ್ತೆ ಎಣಿಸಿದೆ. ಬಾಗಿಲ ಕಡೆ ಎಂಟು, ನಡುವೆ ಆರು, ಆ ತುದಿಯಲ್ಲಿ ಏಳು, ಇವಳೊಬ್ಬಳು. ಇಪ್ಪತ್ತೆರಡೇ. ನಿಂತವರನ್ನು ಬಿಟ್ಟೆನೇನೋ ಎಂದು ಮೂರನೆಯ ಸಲ ಎಣಿಸಿದೆ. ಎದುರಿನ ಕಿಟಕಿಯ ಕಪ್ಪು ಗಾಜಿನಲ್ಲಿ ಊರುಗೋಲು ಹಿಡಿದ ಕವನಾ ಕಾಣುತ್ತಿದ್ದಳು, ಪಕ್ಕದಲ್ಲಿ ಕೋಟು ಹಾಕಿಕೊಂಡ ಒಬ್ಬ ಮುದುಕ.

ಅವಳ ಲೆಕ್ಕವೇ ಸರಿ. ಇಪ್ಪತ್ತಮೂರು.